ಗರ್ಭಿಣಿಯೂ ಕೀಲುವಾತದ ಔಷಧವೂ

ಗರ್ಭ ನಿಂತೊಡನೆ ಮಾತ್ರೆಗಳನ್ನೆಲ್ಲ ಬಿಡುವುದೇ ಕ್ಷೇಮವೆಂದು ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಕೀಲುವಾತದಿಂದ ನರಳುವ ನಮ್ಮ ಸೊಸೆಗೂ ಈ ಉಪದೇಶವೇ ದೊರಕಿತು. ನಾವು ವೈದ್ಯರನ್ನು ಕೇಳಿದೆವು; ಅವರು ಸರ್ವಥಾ ಒಪ್ಪಲಿಲ್ಲ. ಮೆಥೊಟ್ರೆಕ್ಸೇಟ್ ಎಂಬ ಔಷಧವು ಗರ್ಭಸ್ರಾವಕ್ಕೂ ಶಿಶುವಿನ ಅಂಗವೈಕಲ್ಯಕ್ಕೂ ಕಾರಣವಾಗತಕ್ಕದ್ದು. ಅದನ್ನು ಅವರು ಗರ್ಭಧಾರಣೆಗೆ 3 ತಿಂಗಳು ಮುಂಚೆಯೇ ಬಿಡಿಸಿದ್ದರು. ಬದಲಿಗೆ ಕೊಟ್ಟ ಸಲ್ಫಸಲಜೀನ್, ಹೈಡ್ರಾಕ್ಸಿಕ್ಲೋರೋಕ್ವಿನ್‌ಗಳನ್ನು ಈಗಲೂ ನಿಲ್ಲಿಸಕೂಡದೆಂದರು. ಮೊದಲನೆಯದರೊಡನೆ ಫೋಲಿಕ್ ಆಮ್ಲವೂ ಬೇಕು. ಔಷಧವಿಲ್ಲದೆ ರೋಗವು ಕೆರಳಿದರೆ ದಿನ ತುಂಬುವ ಮೊದಲೇ ಹೆರಿಗೆಯಾದೀತು, ಕೂಸು ತೂಕವಿಲ್ಲದೆ ಹುಟ್ಟೀತು. ಆದರೆ ಸೊಂಟ ನೊಂದಾಗ ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೇನಿಗೆ ಮಾತ್ರ, ವಿಚಿತ್ರವೆಂದರೆ, ನಮ್ಮಲ್ಲಿ ಯಾರೂ ಅಂಜರು! ಅಂಥ ಮಾತ್ರೆಗಳು 20 ವಾರಗಳ ಬಳಿಕ ಶಿಶುವಿನ ಮೂತ್ರಪಿಂಡಗಳನ್ನು ಕೆಡಿಸಿ ಗರ್ಭಜಲವನ್ನು ಕುಗ್ಗಿಸಬಹುದೆಂದು ಅಮೆರಿಕದ ಔಷಧನಿಯಂತ್ರಕರು 2020ರಲ್ಲಿ ಎಚ್ಚರಿಸಿದ್ದಾರೆ.