ಲೂರ್ದಿನ ಗುಹೆ

ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ, ಪಿರೆನೀಸ್ ಪರ್ವತಗಳ ಅಡಿಯಲ್ಲಿ, ಗಾವ್ ನದಿಯ ದಡದ ಮೇಲೆ ಲೂರ್ದ್ ಎಂಬ ಪಟ್ಟಣವುಂಟು. ಕ್ಯಾಥೊಲಿಕರಿಗೆ ಇದು ಮಹಾಕ್ಷೇತ್ರ. ೧೮೫೮ಕ್ಕೆ ಮೊದಲು ಇದು ಸುಮಾರು ೪,೦೦೦ ಜನರಿದ್ದ ಸಾಧಾರಣ ಊರಾಗಿದ್ದಿತು. ನದಿಯ ಬಳಿಯ ಮಸಬಿಯೆಲ್ ಗುಹೆಯಾದರೋ ಊರ ಹಂದಿಗಳ ತಂಗುದಾಣ. ಆ ಹೆಸರಿಗೆ ಅಲ್ಲಿಯ ಆಡುಮಾತಿನಲ್ಲಿ ಹಳೆಯ ಬಂಡೆ ಎಂದಷ್ಟೇ ಅರ್ಥ.

ಆ ವರ್ಷದ ಫೆಬ್ರವರಿ ೧೧ರಂದು ಬೆರ್ನದೆತ್ ಸುಬಿರು ಎಂಬ ಹದಿನಾಲ್ಕು ವಯಸ್ಸಿನ ಹುಡುಗಿಯು ಸೌದೆ ಆಯುವುದಕ್ಕೆಂದು ಅಲ್ಲಿಗೆ ಹೋದಳು. ತಂದೆಯು ಗಿರಣಿಯನ್ನು ಕಳೆದುಕೊಂಡವನು. ಸಂಸಾರವೆಲ್ಲವೂ ಇದ್ದುದು ಹಳೆಯ ಸೆರೆಮನೆಯ ಒಂದೇ ಕೋಣೆಯಲ್ಲಿ. ಹುಡುಗಿಗೆ ಉಬ್ಬಸ, ಓದುಬರಹವಿಲ್ಲ. ಫ್ರೆಂಚ್ ಭಾಷೆಯೂ ಬಾರದು. ಬಿಗೋರ್ ಸೀಮೆಯ ಆಡುಮಾತೊಂದೇ ಅವಳ ನಾಲಿಗೆಗೆ ತಿಳಿದದ್ದು. ಧರ್ಮೋಪದೇಶದ ಪಾಠವು ತಲೆಗೆ ಹತ್ತದೆ ದಡ್ಡಿಯೆನಿಸಿಕೊಂಡಿದ್ದಳು. ಮನೆಯ ಮಾತು ಬೇರೆ, ಪುಸ್ತಕದ ಮಾತು ಬೇರೆಯಾದಲ್ಲಿ ಚುರುಕಾದ ಮಗುವೂ ಮಂಕಾಗಿ ತೋರುವುದನ್ನು ನಾವು ಪಾಠಶಾಲೆಯಲ್ಲಿ ಎಷ್ಟೋ ಸಲ ಕಂಡಿದ್ದೇವೆ.

ಗುಹೆಯಲ್ಲಿ ಬಿಳಿಯುಡುಗೆಯ ಒಬ್ಬ ತರುಣಿಯು ತನಗೆ ಕಾಣಿಸಿದಳೆಂದು ಬೆರ್ನದೆತ್ ಹೇಳಿದಳು. ಜುಲೈ ೧೬ರ ವರೆಗೆ ಇಂತಹ ದರ್ಶನಗಳು ಹದಿನೆಂಟು. ಊರವರು ಕನ್ನಿಕೆ ಮರಿಯಮ್ಮನೇ ಇರಬೇಕೆಂದರೂ, ಹುಡುಗಿಯು ಮಾತ್ರ ತಾನು ಕಂಡುದನ್ನು 'ಅದು' ಎಂದೇ ಕರೆಯುತ್ತಿದ್ದಳು. ನಪುಂಸಕ ಸರ್ವನಾಮ! ಹೆಸರು ತಿಳಿಯದುದಕ್ಕೆ ಹೆಸರಿಡಲೊಲ್ಲದ ಈ ಎಚ್ಚರಿಕೆಯು ನಮಗೆ ಬಹಳ ಹಿಡಿಸಿತು. ಮೂರನೆಯ ದರ್ಶನದಲ್ಲಿ ಆಕೆಯು, ಹದಿನೈದು ದಿನ ಇಲ್ಲಿಗೆ ಬರುವ ಕೃಪೆ ಮಾಡುವಿರಾ ಎಂದು ಬಹುವಚನದಲ್ಲಿಯೇ ಕೇಳಿದಳಂತೆ. ಆ ಬಡಹುಡುಗಿಯನ್ನು 'ನೀವು' ಎಂದವರು ಊರಿನಲ್ಲಿ ಯಾರಿದ್ದಾರು? ಫೆಬ್ರವರಿ ೨೫ರಂದು ಆಕೆಯ ಮಾತಿನಂತೆ ನೆಲವನ್ನು ಕೆರೆದಲ್ಲಿ ಮೊದಲು ಕೆಸರು, ಬಳಿಕ ನೀರು ಕಂಡಿತು. ಆ ಊಟೆಯೇ ಇಂದಿನ ತೀರ್ಥ.

ಇಲ್ಲಿ ಗುಡಿ ಕಟ್ಟಿಸಬೇಕೆಂದು ಪಾದ್ರಿಗಳಿಗೆ ಹೇಳಬೇಕೆಂಬ ಆಜ್ಞೆಯಾಯಿತು. ಪಾದ್ರಿ ಪೆರಮಾಲರು ಗಟ್ಟಿ ಮನುಷ್ಯರು. ಮೊದಲು ಆಕೆಯ ಹೆಸರನ್ನು ಕೇಳಿ ಬಾ ಎಂದರು. ಮಾರ್ಚಿ ೨೫ರಂದು ಉತ್ತರ ದೊರೆಯಿತು. ಅರ್ಥ ತಿಳಿಯದ ಆ ಮಾತನ್ನು ಮರೆಯದಿರಲೆಂದು ಹುಡುಗಿಯು ದಾರಿಯುದ್ದಕ್ಕೂ ಜಪಿಸುತ್ತ ಬಂದು ಒಪ್ಪಿಸಿದಳು: 'ನಾನು ಅಮಲೋದ್ಭವ.'

ನಮ್ಮ ಕನ್ನಡ ಕ್ರೈಸ್ತರು ಬಳಸುವ ಸಂಸ್ಕೃತಪದವಿದು. ಮರಿಯಮ್ಮನು ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಜನ್ಮಪಾಪದ ಸೋಂಕಿಲ್ಲದವಳೆಂಬ ತತ್ತ್ವ. ಯೇಸುವಿನ ಜನನದ ಮಾತಲ್ಲ, ಅನೇಕರು ಎರಡನ್ನೂ ಬೆರೆಸುವರು. ಒಂಬತ್ತನೆಯ ಪಿಯುಸ್ ಪೋಪರು ೧೮೫೪ರಲ್ಲಿ ಇದನ್ನು ಲ್ಯಾಟಿನ್ ಭಾಷೆಯಲ್ಲಿ ಸಾರಿದ್ದರು. ಅಮಲವಾದ ಉದ್ಭವವುಳ್ಳವಳು ಎಂದು ಬಹುವ್ರೀಹಿಯಾಗಿ ಬಿಡಿಸಿದರೆ ಅದು ಒಬ್ಬಾಕೆಗೆ ಒಪ್ಪುವ ಹೆಸರು. ಆದರೆ ಗುಹೆಯ ಮಾತು ಕರ್ಮಧಾರಯ: ಅಮಲವಾದ ಉದ್ಭವವೇ ನಾನು! ಯಾವ ಹೆಂಗಸಿಗೂ ಇಂತಹ ಹೆಸರಿರದೆಂದು ಪಾದ್ರಿಗಳು ಆಕ್ಷೇಪಿಸಿದ್ದು ಸಹಜವೇ. ಆದರೂ ಅವರ ಮನಸ್ಸು ತಿರುಗಿದ್ದು ಅಂದೇ. ಆ ಶಬ್ದವು ಚರ್ಚಿನಲ್ಲಿ ಅವಳ ಕಿವಿಗೆ ಬಿದ್ದಿರಬಹುದೆಂದು ಸಂಶಯವಾದಿಗಳು ಹೇಳುವರು, ಇರಬಹುದು. ಆದರೆ ಕಟ್ಟಿ ಹೇಳುವವಳು ಎಲ್ಲರೂ ನಿರೀಕ್ಷಿಸುತ್ತಿದ್ದ ಸುಲಭದ ಹೆಸರನ್ನು ಬಿಟ್ಟು ಈ ವಿಚಿತ್ರ ಸಮಾಸವನ್ನು ಹಿಡಿಯುವಳೆ?

ಸರಕಾರವು ಆ ಬೇಸಿಗೆಯಲ್ಲಿ ಗುಹೆಗೆ ಬೇಲಿ ಹಾಕಿಸಿತು. ಅಕ್ಟೋಬರಿನಲ್ಲಿ ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಆಜ್ಞೆಯಿಂದ ಅದು ತೆಗೆಯಲ್ಪಟ್ಟಿತು. ೧೮೬೨ರಲ್ಲಿ ಬಿಷಪ್ ಲೊರಾನ್ಸರು ದರ್ಶನಗಳು ನಿಜವೆಂದು ತೀರ್ಪಿತ್ತರು. ೧೮೬೬ರಲ್ಲಿ ರೈಲು ಬಂದಿತು. ಆ ಮೇಲೆ ಯಾತ್ರಿಕರಿಗೆ ಲೆಕ್ಕವಿಲ್ಲ. ರೋಗಿಗಳು ಗುಣಹೊಂದಿದರೆಂಬ ವಾರ್ತೆಗಳನ್ನು ಪರೀಕ್ಷಿಸುವುದಕ್ಕೆ ೧೮೮೩ರಲ್ಲಿ ವೈದ್ಯರ ಕಚೇರಿಯೊಂದು ಏರ್ಪಟ್ಟಿತು. ಏಳು ಸಾವಿರಕ್ಕೂ ಮಿಕ್ಕ ಅರಿಕೆಗಳಲ್ಲಿ ಪವಾಡವೆಂದು ಧರ್ಮಸಭೆಯು ಒಪ್ಪಿರುವುವು ಎಪ್ಪತ್ತರ ಆಚೀಚೆ. ಈ ಜಿಪುಣತನವನ್ನು ಮೆಚ್ಚಲೇಬೇಕು.

ಬಂಡೆಯ ಮೇಲಣ ದೊಡ್ಡ ದೇವಾಲಯವು ೧೮೭೬ರಲ್ಲಿ ಪ್ರತಿಷ್ಠಿತವಾದಾಗ ಬೆರ್ನದೆತ್ ಅಲ್ಲಿರಲಿಲ್ಲ. ಹತ್ತು ವರ್ಷ ಮೊದಲೇ ದೂರದ ನೆವೇರ್ ಪಟ್ಟಣದ ಕನ್ಯಾಮಠವನ್ನು ಸೇರಿದ್ದ ಅವಳು ಲೂರ್ದಿಗೆ ಮರಳದೆ, ೧೮೭೯ರಲ್ಲಿ ತನ್ನ ೩೫ನೆಯ ವಯಸ್ಸಿನಲ್ಲಿ ತೀರಿಕೊಂಡಳು. ೧೯೩೩ರಲ್ಲಿ ಅವಳನ್ನು ಸಂತಳೆಂದು ಸಾರಲಾಯಿತು. ಗುಹೆಯ ಗೂಡಿನಲ್ಲಿ ೧೮೬೪ರಲ್ಲಿ ನಿಲ್ಲಿಸಿದ ಅಮೃತಶಿಲೆಯ ಮೂರ್ತಿಯು ತಾನು ಕಂಡವಳಂತಿಲ್ಲವೆಂಬ ಕೊರಗು ಅವಳಿಗಿದ್ದಿತು. ಆದರೆ ಆ ಮೂರ್ತಿಯ ಪಾದದಡಿಯಲ್ಲಿ ಕೆತ್ತಿರುವ ಮಾತು ಅವಳು ಪಾದ್ರಿಗಳಿಗೆ ಒಪ್ಪಿಸಿದುದೇ. ಲ್ಯಾಟಿನಿನಲ್ಲಲ್ಲ, ಫ್ರೆಂಚಿನಲ್ಲಲ್ಲ, ಬಿಗೋರ್ ಸೀಮೆಯ ಆಡುಮಾತಿನಲ್ಲಿ.