ಗಡಿಯಾರದ ಬದಲು ಒಂದು ಚಾಕು



ಹೊಸ ಮನೆಯ ಆಶೀರ್ವಾದ ಎಂದರೆ ಬರುವ ಉಡುಗೊರೆಗಳು ಎಲ್ಲರಿಗೂ ಗೊತ್ತು: ಗೋಡೆ ಗಡಿಯಾರ, ಗಾಜಿನ ಲೋಟದ ಸೆಟ್, ಮತ್ತೆ ಇನ್ನೊಂದು ಗೋಡೆ ಗಡಿಯಾರ. ಎರಡೇ ಕೋಣೆಯ ಮನೆಗೆ ಐದು ಗಡಿಯಾರ ಬಂದಿದ್ದನ್ನು ನಾವು ನೋಡಿದ್ದೇವೆ. ಹಾಗಾಗಿ ಸಾನಮಾವಿನ ಮನೆಗೆ ಕರೆ ಬಂದಾಗ, ಹಣ ಕೂಡಿಸುವ ಮೊದಲೇ ನಾವು ನಾಲ್ಕು ಜನ ಹೋಗಿ ಮನೆ ನೋಡಿಕೊಂಡು ಬಂದೆವು.

ನೋಡಬೇಕಾಗಿದ್ದು ಅಡುಗೆಮನೆಯಲ್ಲಿತ್ತು. ಸೊಂಟದೆತ್ತರಕ್ಕೆ ಕಲ್ಲು ಹಾಸಿದ ಹೊಸ ಅಡುಗೆಕಟ್ಟೆ. ಅಜ್ಜಿ ಮಾತ್ರ ಅದರ ಕೆಳಗೆ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಮಂಡಿ ನೋವು. ಏಳುವಾಗ ಗೋಡೆ ಹಿಡಿಯಬೇಕು. ಸೊಸೆ ಬೆಳಕು ಹರಿಯುವ ಮುಂಚೆಯೇ ಕಂಪನಿ ಬಸ್ಸು ಹತ್ತುತ್ತಾರೆ. ಹನ್ನೆರಡನೇ ತರಗತಿ ಓದುವ ಮೊಮ್ಮಗ ಒಂದು ಈರುಳ್ಳಿಯನ್ನೂ ಹೆಚ್ಚಿದವನಲ್ಲ. ಅಲ್ಲೇ ತೀರ್ಮಾನವಾಯಿತು: ಒಂದು ಒಳ್ಳೆಯ ಚಾಕು, ಒಂದು ಮರದ ಹಲಗೆ, ಒಂದು ಸಾಣೆಕಲ್ಲು, ಜೊತೆಗೆ ಹುಡುಗನಿಗೆ ಎರಡು ಸಂಜೆಯ ಪಾಠ.

ಈಳಿಗೆಯನ್ನು ಹಳೆಯದೆಂದು ಹಗುರವಾಗಿ ಕಾಣಬೇಡಿ. ನಮ್ಮ ಹೊಸೂರು ಸೀಮೆಯಲ್ಲಿ ತಮಿಳರು ಅದನ್ನೇ ಅರುವಾಮನೆ ಎನ್ನುತ್ತಾರೆ, ತೆಲುಗರು ಕತ್ತಿಪೀಟ ಎನ್ನುತ್ತಾರೆ. ಬಂಗಾಳದ ಮನೆಗಳಲ್ಲೂ ಇಂಥದ್ದೇ ಇದೆ, ಅಲ್ಲಿ ಅದರ ಹೆಸರು ಬೊಟಿ. ಅದರಲ್ಲಿ ಅಲಗು ಅಲುಗುವುದಿಲ್ಲ, ತರಕಾರಿ ಅಲುಗುತ್ತದೆ. ಮಣೆಯನ್ನು ಕಾಲು ಅದುಮಿಕೊಂಡಿರುವುದರಿಂದ ಎರಡು ಕೈಯೂ ತರಕಾರಿಗೆ ಸಿಗುತ್ತವೆ. ಚಾಕುವಿನಲ್ಲಿ ಎಲ್ಲವೂ ತಿರುಗುಮುರುಗು. ವರ್ಷಗಟ್ಟಲೆ ಈಳಿಗೆಯಲ್ಲಿ ಹೆಚ್ಚಿದವರಿಗೆ ಚಾಕು ಕಂಡರೆ ಅಂಜಿಕೆಯಾಗುವುದು ಸಹಜವೇ.

ಹನ್ನೆರಡು ಚಾಕುಗಳ ಥಳಥಳಿಸುವ ಸೆಟ್ ಬೇಡ ಎಂಬುದು ನಮ್ಮ ಅಭಿಪ್ರಾಯ. ಆರೇಳು ಇಂಚಿನ ಅಲಗಿರುವ ಒಂದೇ ಸಾಕು. ಹಲಗೆ ಮರದ್ದೇ ಇರಲಿ. ಗಾಜಿನ ಮೇಲೋ ಅಡುಗೆಕಟ್ಟೆಯ ಕಲ್ಲಿನ ಮೇಲೋ ಹೆಚ್ಚಿದರೆ ಚಾಕು ಬೇಗ ಮೊಂಡಾಗುತ್ತದೆ.

ಮೊದಲ ಸಂಜೆ ಹಲಗೆಯ ಕೆಳಗೆ ಒದ್ದೆ ಬಟ್ಟೆ ಹಾಸುವುದರಿಂದ ಶುರು ಮಾಡಿದೆವು. ಹಾಗೆ ಮಾಡಿದರೆ ಹಲಗೆ ಜಾರುವುದಿಲ್ಲ. ಆಮೇಲೆ ಎಡಗೈ. ನಿಜವಾದ ಪಾಠ ಅದರದ್ದೇ. ಬೆರಳ ತುದಿಗಳನ್ನು ಬೆಕ್ಕಿನ ಪಂಜದಂತೆ ಒಳಕ್ಕೆ ಮಡಚಿ, ಹೆಬ್ಬೆರಳನ್ನು ಅವುಗಳ ಹಿಂದೆ ಇಟ್ಟು ತರಕಾರಿ ಹಿಡಿಯಬೇಕು. ಅಲಗಿನ ಪಕ್ಕೆ ಬೆರಳ ಗೆಣ್ಣಿಗೆ ತಾಗಿಕೊಂಡೇ ಏರಿಳಿಯಬೇಕು. ದುಂಡಗಿರುವುದು ಉರುಳುತ್ತದೆ, ಮೊದಲು ಎರಡು ಹೋಳು ಮಾಡಿ ಚಪ್ಪಟೆ ಭಾಗ ಕೆಳಗಿರುವಂತೆ ಇಡಿ. ಈರುಳ್ಳಿಯ ಬೇರಿನ ತುದಿಯನ್ನು ಕೊನೆಯವರೆಗೂ ಕತ್ತರಿಸಬೇಡಿ, ಎಸಳುಗಳು ಚದುರದೆ ಕೂಡಿಕೊಂಡಿರುತ್ತವೆ.

“ಚಾಕು ಹರಿತವಿದ್ದರೆ ಭಯ ಅಲ್ವಾಣ್ಣ?” ಎಂದು ಹುಡುಗ ಕೇಳಿದ. ಟೊಮೆಟೊ ಕೊಟ್ಟು ನೋಡು ಎಂದೆವು. ಈ ಕಡೆ ಟೊಮೆಟೊಗೇನು ಬರ! ಮೊಂಡು ಚಾಕು ಸಿಪ್ಪೆಯ ಮೇಲೆ ಜಾರುತ್ತದೆ, ನಾವು ಬಲ ಹಾಕುತ್ತೇವೆ, ಬೆರಳು ಸಿಕ್ಕಿಬೀಳುತ್ತದೆ. ಹರಿತವಾದದ್ದಕ್ಕೆ ಬಲವೇ ಬೇಡ. ಈರುಳ್ಳಿಯನ್ನೂ ಅದು ಜಜ್ಜುವುದಿಲ್ಲವಾದ್ದರಿಂದ ಕಣ್ಣೀರು ಕೂಡ ಕಡಿಮೆ. ಇನ್ನೆರಡು ಮಾತು: ಕೈಜಾರಿದ ಚಾಕುವನ್ನು ಹಿಡಿಯಲು ಹೋಗದೆ ಕಾಲು ಹಿಂದಕ್ಕೆಳೆದುಕೊಳ್ಳಿ; ತೊಳೆಯುವ ಪಾತ್ರೆಗಳ ನಡುವೆ ಅದನ್ನು ಮುಳುಗಿಸಿ ಬಿಡಬೇಡಿ.

ಚಾಕು ಉಡುಗೊರೆ ಕೊಟ್ಟರೆ ಸಂಬಂಧ ಕಡಿಯುತ್ತದೆ ಎಂದು ನಮ್ಮ ಮನೆಗಳಲ್ಲೇ ಆಕ್ಷೇಪ ಬಂತು. ಯೂರೋಪಿನಲ್ಲೂ ಈ ನಂಬಿಕೆ ಇದೆ. ಅಲ್ಲಿ ಪಡೆದವರು ಒಂದು ನಾಣ್ಯ ಕೊಟ್ಟು, ಕೊಂಡುಕೊಂಡ ಲೆಕ್ಕ ಮಾಡಿಕೊಳ್ಳುತ್ತಾರೆ. ಇದನ್ನು ಹೇಳಿದ್ದೇ ತಡ, ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕೊಟ್ಟರು. ನಾವು ಅದನ್ನು ನಂಬುವುದಿಲ್ಲ, ಆದರೆ ಅಜ್ಜಿಯ ರೂಪಾಯಿ ಬೇಡವೆನ್ನಲಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಟ್ಟೇ ಕೊಡಬೇಕು ಎಂಬ ಹಿರಿಯರ ಮಾತನ್ನಂತೂ ಪೂರ್ತಿ ಒಪ್ಪುತ್ತೇವೆ. ಜಗಳ ಬರುತ್ತದೋ ಇಲ್ಲವೋ, ಕೈಯಂತೂ ಉಳಿಯುತ್ತದೆ.

ಆಶೀರ್ವಾದದ ದಿನ ಫಾದರ್ ಕೋಣೆ ಕೋಣೆಗೂ ಪವಿತ್ರ ಜಲ ಚಿಮುಕಿಸುತ್ತಾ ಅಡುಗೆಮನೆಗೆ ಬಂದಾಗ, ಹುಡುಗ ನಮ್ಮೊಂದಿಗೆ ನಿಂತು ಮಧ್ಯಾಹ್ನದ ಊಟಕ್ಕೆ ಹೆಚ್ಚುತ್ತಿದ್ದ. ಅಜ್ಜಿ ಸ್ಟೂಲಿನ ಮೇಲೆ ಕೂತು, “ಇಷ್ಟು ದಪ್ಪ ಹೆಚ್ಚಿದ್ರೆ ಬೇಯೋದು ಯಾವಾಗಪ್ಪಾ?” ಎನ್ನುತ್ತಿದ್ದರು. ಈಳಿಗೆಯನ್ನು ಯಾರೂ ಎಸೆದಿಲ್ಲ. ಅದರ ತುದಿಯಲ್ಲಿ ಕಾಯಿ ತುರಿಯುವ ಹಲ್ಲು ಇದೆ, ಅದಕ್ಕೆ ಸಮನಾದದ್ದು ನಮ್ಮ ಉಡುಗೊರೆಯಲ್ಲಿ ಇರಲಿಲ್ಲ.

ಮುಂದಿನ ಮನೆ ಕಾಡಂಚಿನಲ್ಲಿದೆ. ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟ, ಜವಳಗಿರಿ ಕಡೆಯಿಂದ ಆನೆಗಳು ಸಾನಮಾವು ಕಾಡಿಗೆ ಬರುತ್ತವೆ. ಆ ಮನೆಯ ದಾರಿಯಲ್ಲಿ ದೀಪವಿಲ್ಲ. ಈ ಸಲ ಚಾರ್ಜ್ ಮಾಡುವ ದೊಡ್ಡ ಟಾರ್ಚ್ ಎಂದು ಮಾತಾಗಿದೆ. ಭಾನುವಾರ ಪೂಜೆ ಮುಗಿದ ಮೇಲೆ ಹಣ ಕೂಡಿಸುತ್ತೇವೆ. ಅಜ್ಜಿಯ ಒಂದು ರೂಪಾಯಿ ಆಗಲೇ ಡಬ್ಬಿಯಲ್ಲಿದೆ.