ಕುದ್ಕೆ ಕರೆಯುವ ಕಸುಬು

ನನಗೂ ನನ್ನ ಭಾವನಿಗೂ ಒಂದು ಚಟ ಉಂಟು. ಮನೆಯಲ್ಲಿ ಅದಕ್ಕೆ ವಾಕಿಂಗ್ ಎಂದು ಹೆಸರು. ಮಳೆ ಬಿಟ್ಟು, ಗುಡ್ಡದ ಮುಳಿಹುಲ್ಲು ಒಣಗಿ, ದೀಪಾವಳಿಯ ಪಟಾಕಿಯೂ ಅಡಗಿದ ಮೇಲೆ ವಾರಕ್ಕೊಂದು ಸಂಜೆ ಪಂಪ್‌ವೆಲ್‌ನಲ್ಲಿ ಒಂದೇ ಸ್ಕೂಟರು ಹತ್ತುತ್ತೇವೆ. ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿ, ದೇರಳಕಟ್ಟೆ, ಕೊಣಾಜೆ ಕಳೆದರೆ ಮುಡಿಪಿನ ಕಡೆಯ ಪದವು, ಎಂದರೆ ಮುರಕಲ್ಲಿನ ಬಯಲುಗುಡ್ಡ. ಅಲ್ಲಿ ಪಾರೆಯ ಮೇಲೆ ಕೂತು, ಕತ್ತಲಾಗುವುದನ್ನು ಕಾದು, ಕುದ್ಕೆಯ ಹಾಗೆ ಕೂಗುವುದು. ಅದು ಓಗೊಟ್ಟರೆ ಕೇಳುವುದು. ಇಷ್ಟೇ. ಇದಕ್ಕೆ ಐವತ್ತು ದಾಟಿದ ಇಬ್ಬರು ಬೇಕಾ ಎಂದು ಹೆಂಡತಿ ಕೇಳಿದ್ದಾಳೆ. ಬೇಕು. ಒಬ್ಬನಿಂದ ಆಗುವ ಕೆಲಸ ಅಲ್ಲ ಇದು.

ಕುದ್ಕೆ ಎಂದರೆ ತುಳುವಿನಲ್ಲಿ ನರಿ. ಕೊಂಕಣಿಯವರಿಗೆ ಕೊಲೊ, ಪುಸ್ತಕದಲ್ಲಿ ಗುಳ್ಳೆನರಿ. ಎಂಟು-ಹತ್ತು ಕಿಲೊ ತೂಗುವ ಸಣಕಲು ಜೀವ. 1031ರ ಸುಮಾರಿಗೆ ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರದ ಕರಟಕ-ದಮನಕರು ಇದೇ ಜಾತಿಯವರು. ಅವರೂ ಇಬ್ಬರೇ: ಒಬ್ಬ ಎಲ್ಲದಕ್ಕೂ ಮುಂದೆ ಬೀಳುವವನು, ಇನ್ನೊಬ್ಬ "ನಮಗೆ ಯಾಕೆ ಊರಿನ ಉಸಾಬರಿ" ಎನ್ನುವವನು. ನಮ್ಮಿಬ್ಬರಲ್ಲಿ ದಮನಕ ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಹುಚ್ಚು ಹತ್ತಿದ್ದು ಭಾವನ ಮಗನಿಂದ. ಅವನಿರುವುದು ಟೆಕ್ಸಾಸಿನಲ್ಲಿ. ಅಲ್ಲಿ ಕಯೋಟಿ ಎಂಬ, ನಮ್ಮ ನರಿಯ ದಾಯಾದಿ ಉಂಟು. ಅದನ್ನು ವರ್ಷವಿಡೀ ಹೊಡೆಯಲು ಅಡ್ಡಿಯಿಲ್ಲ. ಜೋಡಿಯಾಗಿ ಹೋಗುತ್ತಾರೆ. ಒಬ್ಬ ಪೀಪಿ ಊದಿ, ಪೆಟ್ಟು ತಿಂದ ಮೊಲದ ಹಾಗೆ ಚೀರಿಸುತ್ತಾನೆ. ಕಯೋಟಿ ನೆಟ್ಟಗೆ ಬರುವುದಿಲ್ಲ, ಗಾಳಿಯಲ್ಲಿ ವಾಸನೆ ಹಿಡಿಯಲು ಸುತ್ತು ಬಳಸಿ ಬರುತ್ತದೆ. ಆ ಬಳಸುದಾರಿಯಲ್ಲಿ ಇನ್ನೊಬ್ಬ ಕೋವಿ ಹಿಡಿದು ಕೂತಿರುತ್ತಾನೆ. ಮಗ ಕಳಿಸಿದ ವಿಡಿಯೋ ನೋಡಿ ಭಾವ, "ಇದು ನಮ್ಮ ಅಜ್ಜನಿಗೆ ಗೊತ್ತಿತ್ತು ಮಾರಾಯ್ರೆ" ಎಂದರು. ಅಜ್ಜನಲ್ಲಿ ಕೇಪಿನ ಕೋವಿ ಇತ್ತಂತೆ. ಕೈಯ ಹಿಂಬದಿಗೆ ತುಟಿ ಒತ್ತಿ ಉಸಿರೆಳೆದರೆ ಇಲಿಮರಿ ಚೀಂಗುಟ್ಟಿದ ಸದ್ದು. ಗೇರುಹಣ್ಣು ತಿನ್ನಲು ಬಂದ ಕುದ್ಕೆ ಕಿವಿ ನೆಟ್ಟಗೆ ಮಾಡಿಕೊಂಡು ಹತ್ತು ಮಾರು ದೂರಕ್ಕೆ ಬರುತ್ತಿತ್ತಂತೆ. ಆಮೇಲೆ ಈಡು. ಇದು 1972ರ ವನ್ಯಜೀವಿ ಕಾಯಿದೆಗಿಂತ ಹಿಂದಿನ ಕಥೆ. ಈಗ ಕೋವಿಯ ಮಾತೇ ಇಲ್ಲ. 2022ರ ತಿದ್ದುಪಡಿಯಲ್ಲಿ ಕುದ್ಕೆಗೆ ಬಡ್ತಿ ಸಿಕ್ಕಿ, ಅದು ಹುಲಿ, ಆನೆಗಳ ಜೊತೆ ಒಂದನೆಯ ಅನುಸೂಚಿಯಲ್ಲಿ ಕೂತಿದೆ. ನಮಗೂ ಕೊಲ್ಲುವ ಆಸೆ ಇರಲಿಲ್ಲ. ಕರೆಯುವ ಆಸೆ ಇತ್ತು.

ಕೋವಿ ಬಿಟ್ಟರೂ ಶಿಕಾರಿಯ ಉಳಿದೆಲ್ಲ ಕಟ್ಟುಪಾಡು ಹಾಗೇ ಉಳಿಯುತ್ತದೆ. ಮೊದಲನೆಯದು ಗಾಳಿ. ನಮ್ಮ ಕರಾವಳಿಯಲ್ಲಿ ಹಗಲು ಕಡಲಿಂದ ಗಾಳಿ ಬೀಸುತ್ತದೆ, ರಾತ್ರಿ ನೆಲ ತಣಿದ ಮೇಲೆ ಘಟ್ಟದ ಕಡೆಯಿಂದ. ಹಾಗಾಗಿ ಮುಸ್ಸಂಜೆಗೆ ಪದವಿನ ಮೂಡು ಅಂಚಿನಲ್ಲಿ ಕೂತು ಪಡುವಣಕ್ಕೆ ಮುಖ ಮಾಡಬೇಕು: ನಮ್ಮ ಬೆವರು, ಭಾವನ ನಶ್ಯ ಎರಡರ ವಾಸನೆಯೂ ಕುದ್ಕೆಗೆ ಮುಟ್ಟಬಾರದು, ಅದರ ಸ್ವರ ಮಾತ್ರ ನಮಗೆ ಮುಟ್ಟಬೇಕು. ನಡುವೆ ಒಂದು ಹೊತ್ತು ಗಾಳಿ ಸತ್ತೇ ಹೋಗುತ್ತದೆ. ಹುಲ್ಲಿನ ತುದಿ ಅಲುಗುವುದಿಲ್ಲ. ಕೂಗಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಕೂಗುವುದನ್ನು ಕಲಿಯಲು ಎರಡು ವರ್ಷ ಬೇಕಾಯಿತು. ನಾನು ದಪ್ಪ ಸ್ವರದವನು, ಬೊಗಸೆಯನ್ನು ಬಾಯಿಗೆ ಹಿಡಿದು ಹೊಟ್ಟೆಯಿಂದ "ಊ" ಎಂದು ತೆಗೆದು, ನಿಧಾನ ಏರಿಸಿ, ಮೇಲೆ ಒಂದು ಕಡೆ ನಿಲ್ಲಿಸುತ್ತೇನೆ. ಅದು ಒಡೆಯುವ ಹೊತ್ತಿಗೆ ಭಾವ ತೆಳು ಸ್ವರದಲ್ಲಿ ಕುಯ್ಯೋ ಕುಯ್ಯೋ ಎಂದು ಮೇಲೆ ಹತ್ತಬೇಕು. ಒಂದು ಕ್ಷಣ ತಡವಾದರೂ ಅದು ಇಬ್ಬರು ಗಂಡಸರು ಅರಚಿದ ಹಾಗೆ ಕೇಳುತ್ತದೆ. ಸರಿಯಾಗಿ ಬಿದ್ದರೆ ಇಬ್ಬರ ಸ್ವರ ಹೆಣೆದುಕೊಂಡು ಐದಾರು ನರಿಗಳಾಗುತ್ತವೆ. ಕುದ್ಕೆಗಳೂ ಹೀಗೇ, ಗಂಡು-ಹೆಣ್ಣು ಒಮ್ಮೆ ಜೋಡಿಯಾದರೆ ಬಹುಮಟ್ಟಿಗೆ ಬದುಕಿಡೀ ಜೋಡಿ, ಅವು ಎರಡೇ ಕೂಗಿದರೂ ಗುಡ್ಡಕ್ಕೆ ಗುಡ್ಡವೇ ಕೂಗಿದಂತೆ.

ಮೊದಮೊದಲು ನಮಗೆ ಓಗೊಟ್ಟದ್ದು ಊರಿನ ನಾಯಿಗಳು. ಮತ್ತೊಮ್ಮೆ ಕೆಳಗಿನ ಮನೆಯ ಹೆಂಗಸೊಬ್ಬರು ಟಾರ್ಚು ಹಾಕಿ "ಏರ್ ಅವುಳು?" ಎಂದು ಗದರಿದರು. ಇಬ್ಬರೂ ಉಸಿರು ಬಿಡಲಿಲ್ಲ. "ನಾವು, ಕುದ್ಕೆ ಕರೆಯಲಿಕ್ಕೆ ಬಂದದ್ದು" ಎಂದು ಹೇಳುವುದಾದರೂ ಹೇಗೆ?

ಕೂಗಿದ ಮೇಲೆ ಕಾಯಬೇಕು. ಈ ಕಸುಬಿನ ಹತ್ತರಲ್ಲಿ ಒಂಬತ್ತು ಪಾಲು ಇದೇ. ಹಗಲು ಕಾದ ಮುರಕಲ್ಲು ಕೂತ ಜಾಗದಲ್ಲಿ ಇನ್ನೂ ಬೆಚ್ಚಗಿರುತ್ತದೆ. ದೂರದಲ್ಲಿ ಇನ್ಫೋಸಿಸ್ ಕ್ಯಾಂಪಸ್ಸಿನ ದೀಪಗಳು. ಟಿಟ್ಟಿಭವೊಂದು ಸುಮ್ಮನೆ ಗಾಬರಿಬಿದ್ದು ಎದ್ದು ಹಾರುತ್ತದೆ. ಭಾವ ಎಡಕ್ಕೆ ಕಿವಿ ಕೊಟ್ಟರೆ ನಾನು ಬಲಕ್ಕೆ. ಮಾತಿಲ್ಲ, ಕೇಳಿಸಿದವನು ಇನ್ನೊಬ್ಬನ ಮೊಣಕಾಲು ತಟ್ಟಬೇಕು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೌಂಟರಿನಾಚೆಯ ಮಾತು ಕೇಳಿದ ನನ್ನ ಕಿವಿಗೆ ಇಂಥ ಕೆಲಸ ಇದೆಯೆಂದು ಗೊತ್ತೇ ಇರಲಿಲ್ಲ.

ಆಮೇಲೆ, ಬಂದರೆ, ಅದು ಬರುತ್ತದೆ. ಒಂದೇ ಎಳೆ, ಎಲ್ಲೋ ಗೇರುತೋಪಿನ ಆಚೆಯಿಂದ. ಅದಕ್ಕೆ ಇನ್ನೊಂದು. ಆಮೇಲೆ ಪಕ್ಕದ ಗುಡ್ಡದ ಜೋಡಿ, ಅದರಾಚೆಯದ್ದು, ಹೀಗೆ ಗಡಿಯಿಂದ ಗಡಿಗೆ ಸುದ್ದಿ ದಾಟುತ್ತದೆ. ನರಿ ಕೂಗು ಗಿರಿ ಮುಟ್ಟೀತೇ ಎಂದು ಗಾದೆ ಕಟ್ಟಿದವನು ಪದವಿನಲ್ಲಿ ಕೂತವನಲ್ಲ. ಅವು ಹೇಳುವುದು ಇಷ್ಟೇ: ಈ ಜಾಗ ನಮ್ಮದು, ನೀವು ಯಾರು? ಯೂರೋಪಿನಲ್ಲಿ ಇದೇ ಗುಣ ಹಿಡಿದು ನರಿಗಣತಿ ಮಾಡುತ್ತಾರೆ. ರೆಕಾರ್ಡು ಮಾಡಿದ ಊಳನ್ನು ಮೆಗಾಫೋನಿನಲ್ಲಿ ಬಿಟ್ಟು, ಉತ್ತರ ಕೊಟ್ಟ ಹಿಂಡುಗಳನ್ನು ಎಣಿಸುವುದು. ಅಲ್ಲಿ ಇವು ಎಸ್ಟೋನಿಯಾ, ಡೆನ್ಮಾರ್ಕ್‌ವರೆಗೂ ಹಬ್ಬಿವೆ. ಇಲ್ಲಿ ಪದವನ್ನೇ ಕೆಂಪುಕಲ್ಲಾಗಿ ಕಡಿದು ಲಾರಿಗೆ ಹೇರುತ್ತೇವೆ. ನನ್ನ ಮನೆಯ ಗೋಡೆಯೂ ಅದೇ ಕಲ್ಲು; ಹೆಚ್ಚು ಮಾತಾಡಲು ನನಗೆ ಬಾಯಿಲ್ಲ.

ನಾವು ಮೆಗಾಫೋನು ಒಯ್ಯುವುದಿಲ್ಲ. ಒಂದು ಸಂಜೆಗೆ ಎರಡೇ ಕೂಗು. ದಿನಾ ಕೂಗಿದರೆ ಅವು ನಮ್ಮ ಸುಳ್ಳನ್ನು ಕಂಡುಹಿಡಿದು ಉತ್ತರ ಕೊಡುವುದನ್ನೇ ಬಿಡುತ್ತವೆ. ಶಿವರಾತ್ರಿ ಹತ್ತಿರ ಬಂತೆಂದರೆ ಪೂರ್ತಿ ಬಂದ್. ಮರಿ ಹಾಕುವ ಕಾಲಕ್ಕೆ ಅವುಗಳಿಗೆ ಸುಮ್ಮನೆ ಆತಂಕ ಯಾಕೆ?

ಪ್ರತಿಸ್ಪರ್ಧಿಗಳೂ ಇದ್ದಾರೆ. ದೇರಳಕಟ್ಟೆಯ ಆಸ್ಪತ್ರೆಗಳಿಗೆ ಓಡುವ ಆಂಬುಲೆನ್ಸಿನ ಸೈರನ್ನಿಗೆ ಕುದ್ಕೆಗಳು ಕೂಡಲೇ ಓಗೊಡುತ್ತವೆ. ಆಗ ಭಾವನ ಮುಖ ನೋಡಬೇಕು. ಒಳಗೆ ಯಾರದೋ ಜೀವ ಹೋಗುತ್ತಿರಬಹುದು ಎಂಬ ಸಂಕಟ, ಎರಡು ವರ್ಷದ ನಮ್ಮ ಅಭ್ಯಾಸಕ್ಕಿಂತ ಆ ಯಂತ್ರವೇ ಮೇಲಾಯಿತಲ್ಲ ಎಂಬ ಬೇಸರ, ಎರಡೂ ಒಟ್ಟಿಗೆ.

ಒಂದು ಡಿಸೆಂಬರಿನಲ್ಲಿ ಎರಡೇ ಕೂಗಿನ ನೇಮ ಮುರಿದು, ಕೂಗಿ ಕೂಗಿ ಗಂಟಲು ಒಣಗಿತು, ಉತ್ತರ ಇಲ್ಲ. ಎದ್ದು ಹೋಗೋಣವೆಂದರೆ ಭಾವ ಹಟ ಹಿಡಿದರು. ಕೆಳಗಿನ ಬಯಲಲ್ಲಿ ಯಾರದೋ ಹರಕೆಯ ಯಕ್ಷಗಾನದ ಆಟ, ದೇವಿಮಹಾತ್ಮೆ. ಚೆಂಡೆ ಕೇಳುತ್ತಿತ್ತು. ನಡುರಾತ್ರಿ ಕಳೆದಿತ್ತು; ಗರ್ನಾಲು ಸಿಡಿಯಿತು, ದೊಂದಿಗಳು ಹೊತ್ತಿಕೊಂಡವು, ಸಭೆಯ ಹಿಂದಿನಿಂದ ಮಹಿಷಾಸುರ ಅಬ್ಬರಿಸುತ್ತ ಹೊರಟ. ಮೈಕಿನಲ್ಲಿ ಆ ಆರ್ಭಟ ಪದವನ್ನು ಮುಟ್ಟಿದ್ದೇ ತಡ, ನಮ್ಮ ಬೆನ್ನ ಹಿಂದೆ, ಐವತ್ತು ಹೆಜ್ಜೆಯೂ ಇರಲಿಕ್ಕಿಲ್ಲ, ಕುದ್ಕೆಗಳು ಒಮ್ಮೆಲೇ ಊಳಿಟ್ಟವು. ಇಷ್ಟು ಹೊತ್ತೂ ಅವು ಅಲ್ಲೇ ಕೂತು ನಮ್ಮನ್ನು ಕೇಳುತ್ತಿದ್ದವು.

ಭಾವ ನನ್ನ ಮೊಣಕಾಲು ತಟ್ಟಿದರು, ನನಗೆ ಕೇಳಿಸಿಲ್ಲವೇನೋ ಎಂಬಂತೆ. ಸ್ವಲ್ಪ ಹೊತ್ತು ಬಿಟ್ಟು, "ಅವನಿಗೆ ವೇಷ ಉಂಟಲ್ಲ ಭಾವ" ಎಂದರು. ನಾವು ಚಪ್ಪಲಿ ಕೈಯಲ್ಲಿ ಹಿಡಿದು, ಮುಳ್ಳು ತುಳಿಯುತ್ತ ಇಳಿದು ಹೋಗಿ, ಬೆಳಗಿನವರೆಗೂ ಆಟ ನೋಡಿದೆವು.